ಮುನ್ನೂರರವತ್ತು ಡಿಗ್ರಿಯ ಮಾವ

ಒತ್ತಲು ಒಂದು ಗುಂಡಿ ಇದೆ ಎಂದು ಗೊತ್ತಾದ ಮೇಲೂ ಅದನ್ನು ಒತ್ತದೆ ಸುಮ್ಮನಿರುವ ಸಂಯಮಿಗಳು ಲೋಕದಲ್ಲಿ ಇರಬಹುದು. ನಾನು ಅವರ ಪೈಕಿ ಅಲ್ಲ. ಹೊಸ ಮಿಕ್ಸಿ ಬಂದ ದಿನ ಅದರ ಮೂರೂ ವೇಗಗಳನ್ನು ಪರೀಕ್ಷಿಸಲು ಹೋಗಿ ಅಡುಗೆಮನೆಯ ಚಾವಣಿಗೆ ಚಟ್ನಿ ಬಳಿದವನು. ಇಂಥವನ ಕೈಗೆ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಸಿಗಬಾರದಿತ್ತು. ಆದರೆ ಕೋವಿಡ್ ಕಾಲದಲ್ಲಿ ಅಮೆರಿಕದ ಅಟ್ಲಾಂಟಾ ಪಕ್ಕದ ಅಲ್ಫರೆಟಾದ ನಮ್ಮ ಮನೆಯೇ ಆಫೀಸಾಯಿತು. ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಕೂರುವ ಸೌಭಾಗ್ಯ ಒದಗಿತು. ಬೇರೆಯವರು ಮನೆಯಲ್ಲೇ ಬ್ರೆಡ್ ಮಾಡುವುದನ್ನು ಕಲಿತರು, ನಾನು ಇದನ್ನು ಕಲಿತೆ.

ಕಲಿತೆ ಎಂದರೆ ಎರಡೇ ಎರಡು ವಿದ್ಯೆ. ಒಂದು ಡಿಸಾಲ್ವ್. ಒಂದು ಚಿತ್ರ ಮೆಲ್ಲಗೆ ಕರಗುತ್ತಿರುವಾಗಲೇ ಅದರೊಳಗಿಂದ ಇನ್ನೊಂದು ಮೂಡುವುದು. ಇದು ಸಾಧು ಸ್ವಭಾವದವರಿಗೆ. ಇನ್ನೊಂದು ರೊಟೇಶನ್. ಶುರುವಿನಲ್ಲಿ ಸೊನ್ನೆ ಡಿಗ್ರಿ, ಕೊನೆಯಲ್ಲಿ ಮುನ್ನೂರರವತ್ತು ಎಂದು ಬರೆದರೆ ಸಾಕು, ಫೋಟೋದಲ್ಲಿ ಗಂಭೀರವಾಗಿ ನಿಂತವರು ಪೂರ್ತಿ ಒಂದು ಸುತ್ತು ಉರುಳಿ ಬಂದು ಮತ್ತೆ ಅಷ್ಟೇ ಗಂಭೀರವಾಗಿ ನಿಲ್ಲುತ್ತಾರೆ. ನಾನು ಇದರ ಭಕ್ತನಾದೆ. ನಮ್ಮ ಕನ್ನಡ ಬಳಗದ ಪಿಕ್‌ನಿಕ್ ವಿಡಿಯೊದಲ್ಲಿ ಬಿಸಿಬೇಳೆಬಾತಿನ ಪಾತ್ರೆಯನ್ನೂ ಬಿಡದೆ ತಿರುಗಿಸಿದ್ದೆ. ನೋಡುತ್ತಾ ಕೂತಿದ್ದ ಹಿರಿಯ ಆಂಟಿಯೊಬ್ಬರು ಅರ್ಧಕ್ಕೇ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬಂದರು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ. ತಲೆ ತಿರುಗಿತ್ತಂತೆ.

ಹಾಗಾಗಿ ನನ್ನ ಹೆಂಡತಿ ಸುಧಾಳ ಸೋದರಮಾವನಿಗೆ ಎಪ್ಪತ್ತು ತುಂಬಿ, ಭೀಮರಥ ಶಾಂತಿಯ ವಿಡಿಯೊ ನನ್ನ ಪಾಲಿಗೆ ಬಂದಾಗ ಮನೆಯಲ್ಲಿ ಸಂಭ್ರಮಕ್ಕಿಂತ ಆತಂಕವೇ ಹೆಚ್ಚಿತ್ತು. ಮಾವ ಅಟ್ಲಾಂಟಾಕ್ಕೆ ಬಂದು ನಲವತ್ತು ವರ್ಷ ಆಗಿದೆ. ಸುಧಾ ಇಲ್ಲಿಗೆ ಓದಲು ಬಂದಾಗ ಮನೆಯಲ್ಲಿಟ್ಟುಕೊಂಡು, ಡ್ರೈವಿಂಗ್ ಕಲಿಸಿ, ಮದುವೆಗೆ ಮುಂಚೆ ನನ್ನನ್ನು ಎರಡು ಗಂಟೆ ಪ್ರಶ್ನೆ ಕೇಳಿದವರು.

"ರೀ, ಮಾಮ ನಂಗೆ ಅಪ್ಪನ ಸಮ. ಅವತ್ತು ಅವರ ಮನಸ್ಸಿಗೆ ಒಂಚೂರೂ ಬೇಜಾರಾಗ್ಬಾರ್ದು. ದಯವಿಟ್ಟು ಯಾರನ್ನೂ ತಿರುಗಿಸ್ಬೇಡಿ," ಎಂದಳು ಸುಧಾ.

"ಒಂದೋ ಎರಡೋ ಅಷ್ಟೆ," ಎಂದೆ.

ಹದಿನೈದು ವರ್ಷದ ಮಗಳು ಅನಿಕಾ ನನ್ನ ಹೆಗಲ ಮೇಲಿಂದ ಇಣುಕಿ, "ಅಪ್ಪ, ಎವ್ರಿಥಿಂಗ್ ಈಸ್ ಸ್ಪಿನ್ನಿಂಗ್. ಡಿಸಾಲ್ವ್ ಹಾಕು, ಪ್ಲೀಸ್," ಎಂದಳು. ಈಗಿನ ಮಕ್ಕಳಿಗೆ ಕಲೆಯ ಗಂಧವೇ ಇಲ್ಲ.

ಮಾವನ ಹಳೆಯ ಫೋಟೋಗಳು ಮೈಸೂರಿನಿಂದ ವಾಟ್ಸಾಪಿನಲ್ಲಿ ಬಂದವು. ಎಲ್ಲದರಲ್ಲೂ ಮಾವ ಇದ್ದರು. ತೀರಿಹೋದ ಅವರ ಅಣ್ಣ ಮಾತ್ರ ಒಂದರಲ್ಲೂ ಇರಲಿಲ್ಲ. ಅವರದೊಂದು ಬೇಕೇ ಬೇಕು ಎಂದು ಸುಧಾ ಕೇಳಿದ್ದಕ್ಕೆ ಅಲ್ಲಿಯವರು ಗೋಡೆಯ ಮೇಲಿದ್ದ ಪಟವನ್ನೇ ಮೊಬೈಲಿನಲ್ಲಿ ತೆಗೆದು ಕಳಿಸಿದರು. ಗಂಧದ ಹಾರ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ, ಮೂಲೆಯಲ್ಲಿ ಟ್ಯೂಬ್‌ಲೈಟಿನ ಬೆಳಕು. ಅದನ್ನು ಹಾಕಿ, ಅದರ ಬೆನ್ನಿಗೇ ಮಾವನ ಈಗಿನ ಫೋಟೋ ಜೋಡಿಸಿದೆ. ಅಣ್ಣ ತಮ್ಮ ಇಬ್ಬರದೂ ಒಂದೇ ಅಚ್ಚು.

ಬೆಳಿಗ್ಗೆ ದೇವಸ್ಥಾನದಲ್ಲಿ ಹೋಮ, ಮಧ್ಯಾಹ್ನ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಊಟ. ನೂರು ವರ್ಷ ಬಾಳಿ ಎಂದು ಹರಸಿದ ಪುರೋಹಿತರೂ ಮುಂದಿನ ಸಾಲಿನಲ್ಲಿ ಕೂತರು. ಅನಿಕಾ ಲ್ಯಾಪ್‌ಟಾಪ್ ಹಿಡಿದು ಕೂತಳು. ಮಾವ ಶಾಲೆಯ ಚಡ್ಡಿಯಲ್ಲಿ ಒಂದು ಸುತ್ತು ಸುತ್ತಿದರು, ಸೈಕಲ್ ಸಮೇತ ಒಂದು ಸುತ್ತು ಸುತ್ತಿದರು. ಸುಧಾ ನನ್ನ ತೊಡೆ ಚಿವುಟಿದಳು. ಆಮೇಲೆ ಅಣ್ಣ ಬಂದರು. ಅಣ್ಣ ತಿರುಗಲಿಲ್ಲ. ಇದೇನಿದು ಎಂದು ನಾನು ಯೋಚಿಸುವಷ್ಟರಲ್ಲಿ ಅವರ ಮುಖ ಕರಗತೊಡಗಿತು, ಮಾವನ ಮುಖ ಮೂಡತೊಡಗಿತು. ಹಾರ ಮಾತ್ರ ಕರಗಲು ಯಾವ ಅವಸರವನ್ನೂ ತೋರಿಸಲಿಲ್ಲ. ಎರಡು ಮುಖಕ್ಕೂ ಸೇರಿ ಒಂದೇ ಮೂಗು ಕೂತು, ಆಯುಷ್ಯ ಹೆಚ್ಚಲಿ ಎಂದು ಬೆಳಿಗ್ಗೆಯಷ್ಟೇ ಹೋಮ ಮಾಡಿಸಿಕೊಂಡ ಮನುಷ್ಯ ಇಡೀ ಬಳಗದ ಎದುರು ಗಂಧದ ಹಾರ ತೊಟ್ಟು ಗೋಡೆಯ ಮೇಲಿಂದ ನಕ್ಕರು. ಪುರೋಹಿತರು ಕಣ್ಣು ಮುಚ್ಚಿ ಏನೋ ಗೊಣಗಿದರು. ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ, ಬಾಯಿಗೆ ಸೆರಗು ಹಿಡಿದರು.

"ಸಾಫ್ಟ್‌ವೇರ್ ಬಗ್ ಇರ್ಬೇಕು," ಎಂದೆ ಸುಧಾಗೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಬಾಯಿಗೆ ಅಭ್ಯಾಸವಾದ ಮಾತು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಊಟದ ಹೊತ್ತಿಗೆ ಮಾವ ಕರೆದರು. "ಅಳಿಯಂದ್ರೇ, ಬನ್ನಿ ಇಲ್ಲಿ." ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿ ನಿಂತೆ.

"ಆ ಹಾರ ಬಂತಲ್ಲ, ಅಲ್ಲಿಗೇ ನಿಲ್ಲಿಸಿ ನಂಗೊಂದು ಪ್ರಿಂಟ್ ಹಾಕಿಸ್ಕೊಡ್ತೀರಾ?" ಎಂದರು. "ಮನೇಲಿ ಇದ್ದಿದ್ದು ಒಂದೇ ಕ್ಯಾಮೆರಾ. ಅಣ್ಣ ಅದನ್ನ ಯಾರ ಕೈಗೂ ಕೊಡ್ತಿರ್ಲಿಲ್ಲ. ನನ್ನ ಫೋಟೋ ಎಲ್ಲಾ ಅವನೇ ತೆಗೆದಿದ್ದು. ನಾವಿಬ್ರೂ ಒಂದೇ ಫೋಟೋದಲ್ಲಿರೋದನ್ನ ಇವತ್ತೇ ನೋಡಿದ್ದು ನಾನು."

ಖಂಡಿತ ಹಾಕಿಸಿಕೊಡುತ್ತೇನೆ ಎಂದೆ. ಅಲ್ಲಿಗೇ ಸುಮ್ಮನಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ಅದಕ್ಕೇ ಮಾವ, ಬೇಕಂತಲೇ ಹಾಗೆ ಮಾಡಿದ್ದು," ಎಂದುಬಿಟ್ಟೆ. ಅಲ್ಲಿಂದ ಊಟ ಮುಗಿಯುವವರೆಗೆ ನಾನು ಕಲಾವಿದ. ಸುಧಾ ತಾನಾಗಿ ಬಂದು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ತುಪ್ಪವನ್ನೂ ಬಡಿಸಿದಳು.

ಪಾತ್ರೆಗಳನ್ನು ಕಾರಿಗೆ ತುಂಬುವಾಗ ಅನಿಕಾ ಹೇಳಿದಳು. "ಅಪ್ಪ, ಆ ಡಿಸಾಲ್ವ್, ದಟ್ ವಾಸ್ ಮಿ. ನೀನು ದೊಡ್ಡ ತಾತಂಗೂ ಸ್ಪಿನ್ ಹಾಕಿದ್ದೆ. ಹಾರದ ಜೊತೆ ಅಪ್‌ಸೈಡ್ ಡೌನ್ ಆಗ್ತಿದ್ರು. ಇಟ್ ಫೆಲ್ಟ್ ಮೀನ್. ಸೋ ಬೆಳಿಗ್ಗೆ ಚೇಂಜ್ ಮಾಡ್ದೆ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ನೀನು ತಾತಂಗೆ ಬೇಕಂತಲೇ ಮಾಡಿದ್ದು ಅಂದ್ಯಲ್ಲ. ಯು ಲುಕ್ಡ್ ಸೋ ಹ್ಯಾಪಿ."

ಆ ಚಿತ್ರ ಈಗ ಮಾವನ ಮನೆಯ ಹಾಲಿನಲ್ಲಿದೆ. ಬಂದವರಿಗೆಲ್ಲ ಅಳಿಯಂದಿರ ಕೈಚಳಕ ಎಂದು ತೋರಿಸುತ್ತಾರೆ. ನನ್ನದೇನೂ ಇಲ್ಲ ಮಾವ ಎನ್ನುತ್ತೇನೆ. ಅದನ್ನು ಅವರು ವಿನಯ ಎಂದುಕೊಂಡಿದ್ದಾರೆ. ಅಂಥ ಹೊತ್ತಿನಲ್ಲಿ ಅನಿಕಾ ಪಕ್ಕದಲ್ಲಿದ್ದರೆ ತೋರುಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾಳೆ. ನಾನು ಒಳಗೆ ಹೋಗಿ ಅತ್ತೆಯ ಹತ್ತಿರ ಒಂದು ಲೋಟ ಮಜ್ಜಿಗೆ ಕೇಳುತ್ತೇನೆ.