ಹಂಗಿಲ್ಲದ ಮಾಡ್ಯೂಲ್

ಒಂದೇ ಶಾಸ್ತ್ರ ಪಾಲಿಸುತ್ತೇವೆ ಎನ್ನುವ ಇಬ್ಬರು ಬೀಗರ ನಡುವೆ ಸಿಕ್ಕಿಬಿದ್ದವರಿಗಷ್ಟೇ ನನ್ನ ಉದ್ಯೋಗದ ಕಷ್ಟ ಅರ್ಥವಾದೀತು. ನಿಪ್ಪಾಣಿಯ ನಮ್ಮ ಪುಟ್ಟ ಆಫೀಸಿನಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರಿನ ಬಿಡಿ ಮಾಡ್ಯೂಲ್‌ಗಳನ್ನು ಬರೆಯುತ್ತೇವೆ. ಅವು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನೊಳಗೆ ಕೂತು ದುಡಿಯಬೇಕು. ಚಿಕ್ಕೋಡಿಯ ಕಾರ್ಖಾನೆಯಲ್ಲಿರುವುದು ಒಂದು ಕಂಪನಿಯ ಫ್ರೇಮ್‌ವರ್ಕ್, ಅಥಣಿಯದರಲ್ಲಿ ಅದರ ಎದುರಾಳಿಯದು. ಎರಡೂ ಒಂದೇ ಸ್ಟ್ಯಾಂಡರ್ಡಿನವೇ, ಅಂದರೆ ಒಂದೇ ಲಿಖಿತ ನಿಯಮಾವಳಿಗೆ ಒಪ್ಪಿದವು. ಆದರೆ ಸ್ಟ್ಯಾಂಡರ್ಡಿನಲ್ಲಿಲ್ಲದ ಹೆಚ್ಚುವರಿ ಸೇವೆಗಳ ಉಪಚಾರವನ್ನೂ ಎರಡೂ ಬೇರೆ ಬೇರೆ ಬಗೆಯಲ್ಲಿ ತಟ್ಟೆ ತುಂಬ ಬಡಿಸುತ್ತವೆ. ಉಪಚಾರಕ್ಕೆ ಕೂಡಲೇ ಸೋಲುವವನು ನಾನು.

ಸೋಲದವರು ನನ್ನ ಹಿರಿಯ ಸಹೋದ್ಯೋಗಿ, ಏಕಸಂಬಿಯ ಸುಜಾತಕ್ಕ. ಜೈನರ ಮನೆಯವರು. ಯಾವ ಊರಿಗೆ ಹೋದರೂ ಸೋಸಿದ ನೀರು, ಉಳ್ಳಾಗಡ್ಡಿ-ಬಟಾಟೆ ಇಲ್ಲದ ಊಟದ ಡಬ್ಬಿ ಅವರ ಜೊತೆಗಿರುತ್ತದೆ. ಅಲ್ಲಿಯವರಿಂದ ಕೇಳುವುದು ಕೂರಲು ಜಾಗವೊಂದನ್ನೇ. ಅವರ ಮಾಡ್ಯೂಲ್‌ಗಳೂ ಹಾಗೆಯೇ, ಸ್ಟ್ಯಾಂಡರ್ಡಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಕೇಳುವುದಿಲ್ಲ. "ಮಂದಿ ಮನ್ಯಾಗ ಬಡಸ್ತಾರಂತ ನಂಬಿ ಹೋದ್ರ ಉಪಾಸ ಬೀಳ್ತಿ ನೋಡೋ ತಮ್ಮಾ" ಎಂದಿದ್ದರು. ನಾನು ಹಲ್ಲು ಕಿರಿದಿದ್ದೆ.

ಅಥಣಿಯಲ್ಲಿ ಕಬ್ಬಿನ ಹಂಗಾಮು ಶುರುವಾದ ಬೆಳಿಗ್ಗೆ ಅವರ ತೂಕದ ಮಾಡ್ಯೂಲ್ ಕೂತ ಕೂಡಲೇ ಕೆಲಸ ಹಿಡಿಯಿತು. ಚಿಕ್ಕೋಡಿಯಲ್ಲಿ ಸರಾಗವಾಗಿ ಓಡಿದ್ದ ತೂಕದ ಚೀಟಿ ಮುದ್ರಿಸುವ ನನ್ನ ಮಾಡ್ಯೂಲ್ ಮಾತ್ರ, ಅಲ್ಲಿ ಫ್ರೇಮ್‌ವರ್ಕೇ ನಡೆಸಿಕೊಡುತ್ತಿದ್ದ ಪ್ರಿಂಟರ್ ಸೇವೆ ಇಲ್ಲಿ ಕಾಣದೆ ಹಟ ಹಿಡಿದು ಕೂತಿತು. ತೂಕದ ಚೀಟಿಯಿಲ್ಲದೆ ಗಾಡಿಯನ್ನು ಒಳಗೆ ಬಿಡುವಂತಿಲ್ಲ. ಗೇಟಿನಾಚೆ ಟ್ರ್ಯಾಕ್ಟರುಗಳ ಸಾಲು, ಮೇಲೆ ಸುಡುವ ಬಿಸಿಲು. ಪಾಲಬಾವಿಯ ರೈತರೊಬ್ಬರು ಕಿಟಕಿಯಲ್ಲಿ ಇಣುಕಿ, "ಏನ್ರಿ ಸಾಹೇಬ್ರ, ನಿಮ್ಮ ಮಶೀನ್ ಚೀಟಿ ಕೊಡೂದ್ರಾಗ ನನ್ನ ಕಬ್ಬು ಒಲಿಗೆ ಹಾಕೂ ಕಟ್ಟಿಗಿ ಆಗತೈತಿ" ಎಂದರು. ನಾಚಿಕೆಯಿಂದ ಸತ್ತೇಹೋದೆ.

ಸುಜಾತಕ್ಕ ಬೈಯಲಿಲ್ಲ. "ಸರೀ ಆ ಕಡೆ" ಎಂದು ಕುರ್ಚಿ ಎಳೆದುಕೊಂಡರು. ನಾನು ಎಲ್ಲೆಂದರಲ್ಲಿ ಬರೆದಿದ್ದ ಪ್ರಿಂಟರಿನ ವ್ಯವಹಾರವನ್ನೆಲ್ಲ ಹೆಕ್ಕಿ, ಹೊರಗಿನ ಒಂದು ತೆಳು ಪದರಕ್ಕೆ ಒಪ್ಪಿಸಿದರು. ಇನ್ನು ಫ್ರೇಮ್‌ವರ್ಕ್ ಬದಲಾದರೆ ಆ ಪದರವನ್ನಷ್ಟೇ ತಿದ್ದಿದರೆ ಸಾಕು, ಒಳಗಿನ ಕೆಲಸಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಒಂದು ತಾಸಿನೊಳಗೆ ಮೊದಲ ಚೀಟಿ ಹೊರಬಂತು. ಎಂಥಾ ಹೆಣ್ಣುಮಗಳಪ್ಪಾ! ಕಾಲಿಗೆ ಬೀಳಬೇಕೆನಿಸಿತು.

ಕಾರ್ಖಾನೆಯ ಮ್ಯಾನೇಜರು, "ಹಂಗಾಮ ಮುಗಿಯೂತನಾ ನಿಮ್ಮೊಳಗ ಒಬ್ಬರು ಇಲ್ಲೇ ಇರ್ರಿ" ಎಂದರು. ಅಕ್ಕ ಹೂಂ ಎನ್ನುವಷ್ಟರಲ್ಲಿ ನಾನು ಎದೆಯುಬ್ಬಿಸಿ, "ಬ್ಯಾಡ್ರಿ ಅಕ್ಕಾರ, ತಪ್ಪು ನಂದು, ನಾನ ಇರ್ತೀನಿ" ಎಂದೆ. ಆಮೇಲೆ ಮೆಲ್ಲಗೆ ಮೂಲೆಗೆ ಸರಿದು ಹೆಂಡತಿಗೆ ಫೋನ್ ಮಾಡಿ, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಕೇಳಿದೆ.

"ಅದೆಲ್ಲಾ ನಿಮಗ ಆಗೂದಲ್ಲ ಬಿಡ್ರಿ. ಸಂಜಿ ಬಸ್ಸಿಗೆ ನಾನ ಬರ್ತೀನಿ" ಎಂದಳು.

ಖಂಡಿತ ಬೇಡ ಎನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು, "ಬರೂವಾಗ ಕುಕ್ಕರ್ ತಗೊಂಡ ಬಾ."