ನಾಲ್ಕೂ ಹಸಿರು

ಹೆಂಡತಿ ಹೇಳಿದ್ದು ಇಷ್ಟೇ: "ಬರೋವಾಗ ಹಲ್ಲುಜ್ಜೋ ಬ್ರಷ್ ನಾಲ್ಕು ತನ್ನಿ. ಬೇರೆ ಬೇರೆ ಬಣ್ಣದ್ದು." ಆದರೆ ಹೇಳಿದ್ದು ಗಣಿತದ ಮೇಷ್ಟರಿಗೆ. ಅಲ್ಲೇ ಆಗಿದ್ದು ಎಡವಟ್ಟು.

ಅಂಗಡಿಯಲ್ಲಿ ಬಿಡಿ ಬ್ರಷ್‌ಗಳೂ ಇದ್ದವು. ಪಕ್ಕದಲ್ಲೇ, ಒಳಗಿರುವುದು ಕಾಣದಂತೆ ಅಂಟಿಸಿದ ಡಬ್ಬಿಗಳಿದ್ದವು: 'ನಾಲ್ಕು ಬ್ರಷ್. ನಾಲ್ಕು ಬಣ್ಣಗಳಲ್ಲಿ ಯಾವುದು ಬೇಕಾದರೂ ಬರಬಹುದು.' ಓದಿದ್ದೇ ತಡ, ಮೇಷ್ಟರ ಮೈ ಜುಮ್ಮೆಂದಿತು. (ಬೇರೆ ಗಂಡಸರಿಗೆ ಲಾಟರಿ ಕಂಡರೆ ಹೀಗಾಗುತ್ತದಂತೆ.)

ಮನೆಗೆ ಬಂದವರು ಡಬ್ಬಿ ತೆರೆಯಲಿಲ್ಲ. ಹೆಂಡತಿ, ಮಗಳು, ಅತ್ತೆ ಮೂವರನ್ನೂ ಸೋಫಾದ ಮೇಲೆ ಸಾಲಾಗಿ ಕೂರಿಸಿ ಉಪನ್ಯಾಸ ಶುರುಮಾಡಿದರು. "ಒಟ್ಟು ಇನ್ನೂರೈವತ್ತಾರು ಥರ ಬರಬಹುದು. ನಾಲ್ಕೂ ಬೇರೆ ಬೇರೆ ಬರೋದು ಇಪ್ಪತ್ನಾಲ್ಕೇ ಥರ!"

"ಅಂದ್ರೆ ನಾನು ಕೇಳಿದ್ದು ಬರೋದು ಹತ್ತಕ್ಕೆ ಒಂದು ಸಲ. ಗೊತ್ತಿದ್ದೂ ತಂದ್ರಾ?" ಎಂದಳು ಹೆಂಡತಿ.

"ಹತ್ತಕ್ಕೆ ಒಂದೂ ಇಲ್ಲ ಕಣೇ!" ಎಂದರು ಮೇಷ್ಟರು, ಸಂಭ್ರಮದಿಂದ.

"ಅಳಿಯಂದಿರೇ, ಬಾಯಲ್ಲಿ ಹಲ್ಲಿರೋವಾಗಲೇ ತೆಗೀರಿ," ಎಂದರು ಅತ್ತೆ.

ತೆಗೆದರು. ಹಸಿರು. ಮತ್ತೊಂದು ಹಸಿರು. ಮೂರನೆಯದೂ ಹಸಿರು. ನಾಲ್ಕನೆಯದನ್ನು ಕಣ್ಣು ಮುಚ್ಚಿ ಎಳೆದರು. ಹಸಿರು!

"ನಾಲ್ಕೂ ಒಂದೇ ಬಣ್ಣ ಬರೋದು ಅರವತ್ನಾಲ್ಕಕ್ಕೆ ಒಂದು!" ಮೇಷ್ಟರು ಮಗಳ ಎರಡೂ ಕೈ ಹಿಡಿದು ಹಜಾರವೆಲ್ಲ ಕುಣಿದರು. ಸಹೋದ್ಯೋಗಿಗೆ ಫೋನ್ ಮಾಡಿ ಸಾಕ್ಷಿಗೆ ಕರೆದರು.

"ರೀ, ಇದರಲ್ಲಿ ನಂದು ಯಾವ್ದು?"

"ಲೋಟದಲ್ಲಿ ನಿಂತಿರೋ ಜಾಗವೇ ಗುರುತು! ಕಿಟಕಿ ಕಡೆ ನಿಂದು, ಕನ್ನಡಿ ಕಡೆ ಅತ್ತೇದು, ಬಾಗಿಲ ಕಡೆ ಮಗೂದು, ನಲ್ಲಿ ಕಡೆ ನಂದು. ಶುದ್ಧ ಶಾಸ್ತ್ರೀಯ ಪದ್ಧತಿ!"

ಶಾಸ್ತ್ರ ಮೂರು ದಿನ ನಡೆಯಿತು. ನಾಲ್ಕನೆಯ ಬೆಳಿಗ್ಗೆ ಹೆಂಡತಿ ಲೋಟ ತೊಳೆದು, ನಾಲ್ಕನ್ನೂ ಒಟ್ಟಿಗೆ ಹಿಡಿದು ಮತ್ತೆ ಅದರೊಳಗೆ ತುರುಕಿದಳು. ಮೇಷ್ಟರಿಗೆ ವಿಷಯ ತಿಳಿದದ್ದು ಬಾಯಿ ತುಂಬ ನೊರೆ ಬಂದ ಮೇಲೆ. ಆದರೂ ಉತ್ಸಾಹ ಕುಗ್ಗಲಿಲ್ಲ. ಬ್ರಷ್ ಕಚ್ಚಿಕೊಂಡೇ ಹಜಾರಕ್ಕೆ ಓಡಿಬಂದು, "ನಂದೇ ಆಗಿರೋ ಸಂಭವ ನಾಲ್ಕಕ್ಕೆ ಒಂದು!" ಎಂದು ಸಾರಿದರು.

ಅತ್ತೆ ಪತ್ರಿಕೆಯಿಂದ ತಲೆಯೆತ್ತಿ ಅಳಿಯನ ಬಾಯಿಯನ್ನೇ ನೋಡಿದರು. "ಇಲ್ಲ ಬಿಡಿ. ಮೊದಲನೇ ದಿನವೇ ನನ್ನದಕ್ಕೆ ಕಪ್ಪು ದಾರ ಕಟ್ಕೊಂಡಿದ್ದೆ."

ಮೇಷ್ಟರು ಕಣ್ಣು ತಗ್ಗಿಸಿದರು. ಹಿಡಿಯ ತುದಿಯಲ್ಲಿ ಕಪ್ಪು ದಾರ ತೂಗಾಡುತ್ತಿತ್ತು.

"ಸಂಕೋಚ ಬೇಡ, ನೀವೇ ಇಟ್ಕೊಳ್ಳಿ," ಎಂದರು ಅತ್ತೆ. "ಹಲ್ಲಿಗೆ ನಂಗೆ ಹಳೇ ಬ್ರಷ್ಷೇ ಸಾಕು. ಇದರಲ್ಲಿ ನಾನು ಬಾಚಣಿಗೆ ತೊಳೀತಿದ್ದೆ."

ಮಾತು ಮುಗಿಯುವಷ್ಟರಲ್ಲಿ ಮೇಷ್ಟರ ತಲೆ ನಲ್ಲಿಯ ಕೆಳಗಿತ್ತು.