ಚಿಕ್ಕಪ್ಪನ ಬೆನ್ನಿನ ಪುರಾಣ

ನಮ್ಮ ಚಿಕ್ಕಪ್ಪನ ಬೆನ್ನಿನಷ್ಟು ಲೋಕಜ್ಞಾನವಿದ್ದ ಬೆನ್ನು ಇಡೀ ಮೈಸೂರಿನಲ್ಲಿ ಇನ್ನೊಂದಿರಲಿಲ್ಲ! ನಿಮ್ಮ ನಮ್ಮ ಬೆನ್ನುಗಳು ಭಾರ ಎತ್ತಿದರೆ ನೋಯುತ್ತವೆ. ಚಿಕ್ಕಪ್ಪನ ಬೆನ್ನಿಗೆ ಅಂಥ ಕ್ಷುಲ್ಲಕ ಕಾರಣಗಳು ಬೇಕಿರಲಿಲ್ಲ. ಕಚೇರಿಗೆ ಆಡಿಟ್‌ನವರು ಬರುತ್ತಾರೆಂದರೆ ಸಾಕು, ಹಿಡಿದುಕೊಳ್ಳುತ್ತಿತ್ತು. ಮಗಳ ಪಿಯುಸಿ ರಿಸಲ್ಟಿನ ದಿನವಂತೂ ಕುಂಬಾರಕೊಪ್ಪಲಿನ ಮನೆಯಲ್ಲಿ ಕೊಡೆಯ ಹಿಡಿಯ ಹಾಗೆ ಬಾಗಿಕೊಂಡು ಓಡಾಡಿದರು. ಪಾಸಾದಳೆಂದು ಗೊತ್ತಾದದ್ದೇ ತಡ, ನೆಟ್ಟಗಾಗಿ ಪೇಡ ತರಲು ಸೈಕಲ್ ಹತ್ತಿ ಹೊರಟೇಬಿಟ್ಟರು!

ಇನ್ನು ದಸರೆಗೆ ನೆಂಟರು ಬಂದಿಳಿದರೆ ಕೇಳಬೇಕೆ? ಹಬ್ಬ ಮುಗಿಯುವವರೆಗೂ ಚಿಕ್ಕಪ್ಪ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಆದರೆ ನೆಂಟರು ಹೊರಡುವ ದಿನ ಅವರ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಟ್ಟುಬರುತ್ತಿದ್ದವರೂ ಇವರೇ! "ಬರೀ ನಾಟಕ" ಎಂದವರುಂಟು. ನಾನು ಕಣ್ಣಾರೆ ಕಂಡಿದ್ದೇನೆ, ನೋವಿಗೆ ಅವರ ಹಣೆಯ ವಿಭೂತಿ ಬೆವರಲ್ಲಿ ಕರಗುತ್ತಿತ್ತು. ನಾಟಕಕ್ಕೆ ಯಾರಾದರೂ ಹಾಗೆ ಬೆವರುತ್ತಾರೆಯೇ?

ಮದ್ದು ಒಂದೇ, ಚಿಕ್ಕಮ್ಮನ ಕಾಲು! ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ ನಿಮಗೂ ಗೊತ್ತಿರಬೇಕು. ಚಿಕ್ಕಮ್ಮ ಹಾಗೆ ಹುಟ್ಟಿದವರೆಂದು ಮದುವೆಯ ಮಾತುಕತೆಯಲ್ಲೇ ಯಾರೋ ಹೇಳಿದ್ದರಂತೆ. ಆಕೆ ಒದೆಯುವುದು, ತಕ್ಷಣ ಬಗ್ಗಿ ಗಂಡನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಇವರು "ಹಾ, ಬಿಡ್ತು!" ಎಂದು ಏಳುವುದು.

ಒಮ್ಮೆ ನಜರ್‌ಬಾದಿನಿಂದ ಬಂದಿದ್ದ ಚಿಕ್ಕಮ್ಮನ ತಾಯಿ ಈ ಒದೆತ ನೋಡಿ ಹೌಹಾರಿದರು.

"ಅಯ್ಯೋ ಶಿವನೇ! ಕಾಲು ಮುಂದಾಗಿ ಹುಟ್ಟಿದ್ದು ಇವಳಲ್ಲ ಕಣಪ್ಪ, ಇವಳ ಅಕ್ಕ! ಇವಳು ಎಲ್ಲಾರಂಗೇ ಹುಟ್ಟಿದ್ಲು!"

ಆಗಷ್ಟೇ ನೆಟ್ಟಗಾಗಿದ್ದ ಚಿಕ್ಕಪ್ಪ ತುಟಿಯ ಮೇಲೆ ಬೆರಳಿಟ್ಟರು. "ಮೆತ್ತಗೆ ಹೇಳಿ ಅತ್ತೆ, ಬೆನ್ನಿಗೆ ಕೇಳಿಸ್ಬುಟ್ಟಾತು!"

ಒದೆತ ಮುಂದುವರಿಯಿತು. ನೋವೂ ಹೋಗುತ್ತಲೇ ಇತ್ತು!

ಕೆಲವು ವರ್ಷಗಳ ಮೇಲೆ ಚಿಕ್ಕಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ತೆಗೆದು ಪರೀಕ್ಷಿಸುವವರೆಗೆ ಕೆಟ್ಟದ್ದೋ ಅಲ್ಲವೋ ಹೇಳಲಾಗದು ಎಂದರು ಡಾಕ್ಟರು. ಆಪರೇಷನ್ ದಿನ ಚಿಕ್ಕಪ್ಪನನ್ನೂ ಹೊತ್ತುಕೊಂಡೇ ಹೋಗಬೇಕಾದೀತೆಂದು ನಾವು ಸಿದ್ಧರಾಗಿದ್ದೆವು. ನೋಡಿದರೆ ಬೆನ್ನು ನೆಟ್ಟಗಿತ್ತು! ನರಳಾಟವೇ ಇಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ನರ್ಸಿಂಗ್ ಹೋಮ್ ಮುಂದೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಒಳಗೆ ಓಡಿದ ಚಿಕ್ಕಪ್ಪ ಆಪರೇಷನ್ ಕೋಣೆಯ ಎದುರು ಅತ್ತಿಂದಿತ್ತ ನಡೆಯುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಆಯಾ ಕೂಗಿದಳು, "ಯಾರ್ರೀ ಅದು ನೆಲವೆಲ್ಲಾ ರಕ್ತ ಮಾಡಿರೋದು? ಈಗ್ತಾನೆ ಒರೆಸಿದ್ನಲ್ಲಾ!"

"ಯಾರೋ ಏನೋ, ಪಾಪ" ಎಂದು ಚಿಕ್ಕಪ್ಪನೂ ನೆಲ ನೋಡಿದರು. ನಾನು ನೋಡುತ್ತೇನೆ, ಇವರದೇ ಕಾಲಿನ ಹೆಬ್ಬೆರಳು! ಸ್ಟ್ಯಾಂಡಿಗೆ ಸಿಕ್ಕಿ ಉಗುರೇ ಕಿತ್ತುಬಂದಿದೆ.

"ಚಿಕ್ಕಪ್ಪ, ನಿಮ್ಮ ಕಾಲು!"

"ಇರ್ಲಿ ಬುಡೋ" ಎಂದರು, ಬಾಗಿಲಿನಿಂದ ಕಣ್ಣು ತೆಗೆಯದೆ.

ಗಂಟಿನ ಪರೀಕ್ಷೆಯನ್ನೂ ಮುಗಿಸಿಕೊಂಡೇ ಡಾಕ್ಟರು ಹೊರಬಂದರು. "ಹೆದರ್ಕೊಳ್ಳೋಂಥದ್ದು ಏನೂ ಇಲ್ಲ ಕಣ್ರೀ. ಮಾಮೂಲಿ ಗಂಟು."

ಚಿಕ್ಕಪ್ಪ ಕೈಮುಗಿದರು. ಮರುಕ್ಷಣವೇ ಕಟ್ಟಡ ಹಾರಿಹೋಗುವಂತೆ, "ಅಯ್ಯಯ್ಯಪ್ಪೋ! ಸತ್ತೆ ಕಣೋ! ಬೆರಳು!" ಎಂದು ನನ್ನನ್ನು ತಬ್ಬಿಕೊಂಡರು. ಕಣ್ಣಲ್ಲಿ ಧಾರಾಕಾರ ನೀರು, ಮುಖದ ತುಂಬ ನಗು! "ಉರೀತದೆ ಕಣೋ, ಎಷ್ಟ್ ಚೆನ್ನಾಗಿ ಉರೀತದೆ!" ನನಗೂ ಅಳು ನಗು ಎರಡೂ ಒಟ್ಟಿಗೇ ಬಂದವು.

ಸಂಜೆ ಚಿಕ್ಕಮ್ಮನಿಗೆ ಪೂರ್ತಿ ಎಚ್ಚರವಾಯಿತು. ಕುತ್ತಿಗೆಗೆ ಪಟ್ಟಿ, ದನಿ ಹೊರಡದು. ಆದರೂ ಕಷ್ಟಪಟ್ಟು ಕೇಳಿದರು, "ರೀ, ಬೆನ್ನು ಎಂಗಿದೆ?"

ಚಿಕ್ಕಪ್ಪ ಬ್ಯಾಂಡೇಜು ಸುತ್ತಿದ ಕಾಲನ್ನು ಮೆಲ್ಲಗೆ ಮಂಚದ ಕೆಳಕ್ಕೆ ಸರಿಸಿದರು. ಸೊಳ್ಳೆ ಕಚ್ಚಿದರೂ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಮನುಷ್ಯ!

"ನಂಗೆ ಎಲ್ಲೂ ನೋವಿಲ್ಲ ಕಣೇ" ಎಂದರು. "ನೀನು ಮಲ್ಕೋ."